ಕಲ್ಲಿನ ತೇದಿ: ಹಾಸನ ಪ್ರಾಂತದ ಶಿಲೆಗಳೂ ಕಾಲನಿರ್ಣಯದ ನೂತನ ಶೋಧನೆಗಳೂ

ಹಾಸನ ಜಿಲ್ಲೆಯ ಕಲ್ಲು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಲ್ಲ. ಹಲ್ಮಿಡಿಯ ಶಾಸನದಿಂದ ಮೊದಲುಗೊಂಡು ಶ್ರವಣಬೆಳಗೊಳದ ಬಂಡೆಯ ಬರಹಗಳವರೆಗೆ ನಮ್ಮ ನಾಡಿನ ಚರಿತ್ರೆಯ ಮುಖ್ಯ ಆಧಾರಗಳು ಇಲ್ಲಿ ದೊರೆತಿವೆ. ಆದರೆ ಲಿಪಿಯನ್ನು ಶ್ರದ್ಧೆಯಿಂದ ಓದಿದ ನಾವು, ಲಿಪಿಯನ್ನು ಹೊತ್ತ ಕಲ್ಲನ್ನು ಓದುವ ಗೋಜಿಗೆ ಹೋಗಲಿಲ್ಲ. ಕಳೆದ ಕೆಲವು ದಶಕಗಳಲ್ಲಿ ಭೂವಿಜ್ಞಾನಿಗಳು ಆ ಕಲ್ಲನ್ನೂ ಓದಿದ್ದಾರೆ. ಅವರ ಕ್ರಮವು ನಮ್ಮದಕ್ಕೆ ಎಷ್ಟು ಸಮೀಪವಾದುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಹಾಸನದಿಂದ ಅರಕಲಗೂಡಿನ ಕಡೆಗೆ ಹೋಗುವಾಗ ಹೇಮಾವತಿಯ ದಂಡೆಯಲ್ಲಿ ಗೊರೂರು ಸಿಕ್ಕುತ್ತದೆ. ಅಲ್ಲಿನ ಪಟ್ಟೆಪಟ್ಟೆಯಾದ ನೈಸ್ ಶಿಲೆಗೆ ಸುಮಾರು 336 ಕೋಟಿ ವರ್ಷಗಳ ವಯಸ್ಸೆಂದು 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭರತಖಂಡದ ಅತಿ ಪ್ರಾಚೀನ ಶಿಲೆಗಳ ಸಾಲಿಗೆ ಇದು ಸೇರುತ್ತದೆ. ಹೊಳೆನರಸೀಪುರದ ಸುತ್ತ ಹಬ್ಬಿರುವ ಪದರಶಿಲೆಗಳ ಪಟ್ಟಿ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಪಟ್ಟಿ, ಇವೂ ಮುನ್ನೂರು ಕೋಟಿ ವರ್ಷಗಳಿಗೆ ಮೀರಿದವು. ನುಗ್ಗೇಹಳ್ಳಿಯ ಪಟ್ಟಿಯಲ್ಲಿಯೇ ಬೈರಾಪುರದ ಕ್ರೋಮೈಟ್ ಅದಿರು ದೊರೆತದ್ದು. ಹೊಯ್ಸಳ ಶಿಲ್ಪಿಗಳ ಉಳಿಗೆ ಬೆಣ್ಣೆಯಂತೆ ಒದಗಿದ ಬಳಪದ ಕಲ್ಲು ಇಂಥ ಪಟ್ಟಿಗಳ ಕೊಡುಗೆ. ಮೆಗ್ನೀಸಿಯಂ ಸಮೃದ್ಧವಾದ ಪುರಾತನ ಶಿಲೆಗಳು ಶಾಖದಿಂದಲೂ ನೀರಿನಿಂದಲೂ ಮಾರ್ಪಟ್ಟು ಮೆದುವಾದುದರ ಫಲ.

ಇಷ್ಟು ದೊಡ್ಡ ಸಂಖ್ಯೆಯನ್ನು ನಂಬುವುದು ಹೇಗೆ? ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿದೆ. 1896ರಲ್ಲಿ ಬೆಕೆರೆಲ್ ಅವರು ಯುರೇನಿಯಂನ ವಿಕಿರಣವನ್ನು ಕಂಡುಹಿಡಿದರು. ಯುರೇನಿಯಂ ತನ್ನಷ್ಟಕ್ಕೆ ಕ್ಷಯಿಸುತ್ತ ಕೊನೆಗೆ ಸೀಸವಾಗುತ್ತದೆ; ಈ ಕ್ಷಯದ ವೇಗವು ಶಾಖಕ್ಕಾಗಲಿ ಒತ್ತಡಕ್ಕಾಗಲಿ ಜಗ್ಗುವುದಿಲ್ಲ. ಜಿರ್ಕಾನ್ ಎಂಬ ಚಿಕ್ಕ ಹರಳು ಹುಟ್ಟುವಾಗ ಯುರೇನಿಯಂಅನ್ನು ಒಳಗೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗಿಡುತ್ತದೆ. ಆದುದರಿಂದ ಈಗ ಅದರಲ್ಲಿ ಕಾಣುವ ಸೀಸ ಹೆಚ್ಚುಕಡಮೆ ಕಾಲದ ಗಳಿಕೆಯೇ. ವಿಶೇಷವೆಂದರೆ ಒಂದೇ ಹರಳಿನಲ್ಲಿ ಎರಡು ಗಡಿಯಾರಗಳಿವೆ. ಯುರೇನಿಯಂ 238ರ ಅರ್ಧಾಯು ಸುಮಾರು 447 ಕೋಟಿ ವರ್ಷ, ಯುರೇನಿಯಂ 235ರದು ಸುಮಾರು 70 ಕೋಟಿ ವರ್ಷ. ಇವುಗಳಿಂದ ಹುಟ್ಟುವ ಸೀಸಗಳೂ ಬೇರೆಬೇರೆ.

ಶಾಸನ ಓದುವವರಿಗೆ ಇದು ಚಿರಪರಿಚಿತವಾದ ಪರೀಕ್ಷೆ. ಶಾಸನದಲ್ಲಿ ಶಕವರ್ಷವೂ ಇರುತ್ತದೆ, ಸಂವತ್ಸರದ ಹೆಸರೂ ಇರುತ್ತದೆ. ಎರಡೂ ಹೊಂದಿದರೆ ತೇದಿಯನ್ನು ನಂಬುತ್ತೇವೆ. ಹೊಂದದಿದ್ದರೆ ಬರೆದವನ ತಪ್ಪೋ, ನಂತರದ ತಿದ್ದುಪಾಟೋ ಎಂದು ವಿಚಾರಿಸುತ್ತೇವೆ. ಹರಳಿನ ಎರಡು ಗಡಿಯಾರಗಳು ಹೊಂದದಿದ್ದರೆ, ಮುಂದೊಂದು ಕಾಲದಲ್ಲಿ ಶಿಲೆಯು ಕಾದು ಸೀಸ ಸೋರಿಹೋಗಿರಬೇಕೆಂದು ಭೂವಿಜ್ಞಾನಿಯು ಊಹಿಸುತ್ತಾನೆ. ಹೊಂದಿಕೆಯಿಲ್ಲದಿರುವುದೂ ಒಂದು ಸಾಕ್ಷ್ಯವೇ ಆಗುತ್ತದೆ.

ಇನ್ನೊಂದು ಎಚ್ಚರವೂ ಅಗತ್ಯ. ಪಶ್ಚಿಮ ಕರ್ನಾಟಕದ ಪ್ರಾಚೀನ ಜಲಜಶಿಲೆಗಳಲ್ಲಿ 350 ಕೋಟಿ ವರ್ಷಗಳಿಗೂ ಹಿಂದಿನ ಜಿರ್ಕಾನ್ ಕಣಗಳಿವೆಯೆಂದು 1992ರಲ್ಲಿ ಪ್ರಕಟವಾಯಿತು. ಅದು ಶಿಲೆಯ ವಯಸ್ಸಲ್ಲ, ಕಣದ ವಯಸ್ಸು. ಹಳೆಯ ಶಾಸನದ ಕಲ್ಲೊಂದನ್ನು ಮುಂದಿನವರು ಕೆರೆಯ ಏರಿಗೆ ಸೇರಿಸಿದರೆ ಏರಿಯು ಶಾಸನದ ಕಾಲದ್ದಾಗುವುದಿಲ್ಲವಷ್ಟೆ. ಅಂತೆಯೇ ಕ್ರಿ. ಶ. 981ರ ಸುಮಾರಿನ ಗೊಮ್ಮಟನ ವಯಸ್ಸು ಬೇರೆ, ಅವನು ಮೂಡಿಬಂದ ಬೆಟ್ಟದ ವಯಸ್ಸು ಬೇರೆ. ಯಾವ ಘಟನೆಯ ತೇದಿ ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು.

ಗೊರೂರಿನ ಶಿಲೆ ಹುಟ್ಟಿದಾಗ ಭೂಮಿಯ ಮೇಲೆ ಜೀವವಿತ್ತೇ? ಪಶ್ಚಿಮ ಆಸ್ಟ್ರೇಲಿಯದ ಸುಮಾರು 348 ಕೋಟಿ ವರ್ಷಗಳ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದವೆನ್ನಲಾದ ಪದರಗಳು ಕಂಡುಬಂದಿವೆ. ಅಂದು ಇದ್ದಿರಬಹುದಾದುದು ಕೋಶಕೇಂದ್ರವಿಲ್ಲದ ಸರಳ ಕೋಶಗಳು ಮಾತ್ರ. ನಮ್ಮ ದೇಹದಲ್ಲಿರುವಂಥ ಜಟಿಲಕೋಶ ಬಹಳ ತಡವಾಗಿ ಬಂದಿತು. ಅದರೊಳಗಿನ ಮೈಟೊಕಾಂಡ್ರಿಯ ಒಂದಾನೊಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯವಾಗಿತ್ತೆಂದು ಲಿನ್ ಮಾರ್ಗುಲಿಸ್ 1967ರಲ್ಲಿ ವಾದಿಸಿದರು; ಇಂದು ಅದು ಸರ್ವಸಮ್ಮತ. ಆ ಬ್ಯಾಕ್ಟೀರಿಯಕ್ಕೆ ಆಶ್ರಯವಿತ್ತ ಕೋಶ ಯಾವುದು? 2015ರಲ್ಲಿ ಸಮುದ್ರತಳದ ಕೆಸರಿನಿಂದ ‘ಲೋಕಿ’ ಎಂಬ ಆರ್ಕಿಯ ವರ್ಗದ ಜೀವಿಯ ವಂಶವಾಹಿಗಳು ದೊರೆತವು. ಅವುಗಳಲ್ಲಿ ಕೆಲವು ಜಟಿಲಕೋಶಕ್ಕೇ ವಿಶಿಷ್ಟವೆಂದು ಅದುವರೆಗೆ ತಿಳಿದವುಗಳಾಗಿದ್ದವು. ಈ ಬಳಗದ ಒಂದು ಜೀವಿಯನ್ನು ಹತ್ತಕ್ಕೂ ಮಿಕ್ಕ ವರ್ಷಗಳ ಸಹನೆಯಿಂದ ಬೆಳೆಸಿದ ಜಪಾನಿ ವಿಜ್ಞಾನಿಗಳು 2020ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು.

ಇಲ್ಲಿಯ ವಿಧಾನವೂ ನಮ್ಮದೇ. ಓಲೆಗರಿಯ ಪ್ರತಿಗಳಲ್ಲಿ ಸಮಾನ ಸ್ಖಾಲಿತ್ಯಗಳನ್ನು ಹಿಡಿದು ಗ್ರಂಥಸಂಪಾದಕರು ಪ್ರತಿಗಳ ವಂಶಾವಳಿ ರಚಿಸುವಂತೆ, ವಂಶವಾಹಿಗಳ ಸಮಾನ ವ್ಯತ್ಯಾಸಗಳಿಂದ ಕೋಶಗಳ ವಂಶಾವಳಿ ಸಿದ್ಧವಾಗುತ್ತದೆ. ಆದರೆ ವಂಶಾವಳಿಯು ತಾನೇ ತೇದಿಯನ್ನು ಹೇಳದು. ತೇದಿಗಾಗಿ ಜೀವವಿಜ್ಞಾನಿ ಶಿಲೆಯನ್ನೂ, ಶಿಲಾವಿಜ್ಞಾನಿ ಪರಮಾಣುವನ್ನೂ ಆಶ್ರಯಿಸಬೇಕಾಗುತ್ತದೆ. ಮೂರು ಶಾಸ್ತ್ರಗಳೂ ಹೀಗೆ ಕೂಡಿ ಇತಿಹಾಸವಾಗಿವೆ.

ಇದರಿಂದ ನಮಗೊಂದು ಹೊಣೆ ಬರುತ್ತದೆ. ಶಾಸನ ನಾಶವಾದರೂ ರೈಸ್ ಅವರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಂಪುಟದಲ್ಲಿ ಅದರ ಪಾಠ ಉಳಿದೀತು. ಬಂಡೆಯ ಪಡಿಯಚ್ಚನ್ನು ಯಾರೂ ತೆಗೆಯಲಾರರು. ಜಲ್ಲಿಯಾದ ಬಂಡೆ ಹೋದದ್ದೇ ಸರಿ. ರಾಜ್ಯದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ಲಾವಾಶಿಲೆ ಮೊದಲಾದವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ಗೊರೂರಿನ ಶಿಲೆಗೆ ಆ ಮನ್ನಣೆ ದೊರೆತಿಲ್ಲ. ವಿದ್ಯಾರ್ಥಿಗಳನ್ನು ಹಳೇಬೀಡಿಗೂ ಬೆಳಗೊಳಕ್ಕೂ ಕರೆದೊಯ್ಯುವ ಅಧ್ಯಾಪಕರು ಒಂದು ಗಳಿಗೆ ಗೊರೂರಿನಲ್ಲಿಯೂ ನಿಂತು, ಅಲ್ಲಿಯ ಬಂಡೆಗಳ ನೆಲೆಯನ್ನೂ ಸ್ಥಿತಿಯನ್ನೂ ಬರೆದಿಡಲಿ. ಬರಹವಿರುವ ಕಲ್ಲಿಗೆ ನಾವು ಸಲ್ಲಿಸುವ ಗೌರವ ಬರಹವಿಲ್ಲದ ಈ ಕಲ್ಲಿಗೂ ಸಲ್ಲತಕ್ಕದ್ದು.