ಮದ್ದಿಗೆ ಮರದ ಪೆಟ್ಟಿಗೆ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಬಂದೂಕಿನ ತೋಟಾಗಳಿಗೆ ಮನೆಯಲ್ಲೇ ಮರಳಿ ಮದ್ದು ತುಂಬುವವರು ಆ ಮದ್ದನ್ನು ಉಕ್ಕಿನ ತಿಜೋರಿಯಲ್ಲಿಡದೆ ಮರದ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಮರಕ್ಕೆ ಬೆಂಕಿ ಹತ್ತುವುದಿಲ್ಲವೇ?

ಹತ್ತುತ್ತದೆ. ಆದರೆ ಇಲ್ಲಿ ಹೆದರಬೇಕಾದ್ದು ಬೆಂಕಿಗಿಂತ ಒತ್ತಡಕ್ಕೆ.

ಈಗಿನ ತೋಟಾಗಳಲ್ಲಿರುವುದು ಹೊಗೆರಹಿತ ಮದ್ದು. ಇದರ ಮುಖ್ಯ ಭಾಗ ನೈಟ್ರೋಸೆಲ್ಯುಲೋಸ್. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನೊಳಗೇ ಇದೆ. ಹಾಗಾಗಿ ಗಾಳಿಯಾಡದಂತೆ ಮುಚ್ಚಿಟ್ಟರೂ ಉರಿ ಆರದು. ಬಯಲಲ್ಲಿ ಒಂದು ಚಿಟಿಕೆಗೆ ಬೆಂಕಿ ತಗುಲಿದರೆ ಹಳದಿ ಜ್ವಾಲೆ ಭುಸ್ಸೆಂದು ಎದ್ದು ಮುಗಿಯುತ್ತದೆ, ಸಿಡಿಯುವ ಸದ್ದಿಲ್ಲ. ಮುಚ್ಚಿದ ಜಾಗದಲ್ಲಿ ಕಥೆಯೇ ಬೇರೆ. ಹೊಮ್ಮಿದ ಅನಿಲಕ್ಕೆ ದಾರಿಯಿಲ್ಲದೆ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಮದ್ದು ಬೇಗ ಉರಿಯುತ್ತದೆ, ಅದರಿಂದ ಮತ್ತಷ್ಟು ಅನಿಲ. ವಿಷಲ್ಲೂ ಸೇಫ್ಟಿ ವಾಲ್ವೂ ಎರಡೂ ಕಟ್ಟಿಕೊಂಡ ಕುಕ್ಕರನ್ನು ಒಲೆಯ ಮೇಲೆ ಮರೆತಂತೆ! ತಿಜೋರಿ ಗಟ್ಟಿಯಿದ್ದಷ್ಟೂ ಸಿಡಿತ ಜೋರು.

ಮರದ ಪೆಟ್ಟಿಗೆಯ ಗುಣವೇ ಅದರ ದೌರ್ಬಲ್ಯ: ಒತ್ತಡ ಬೆಳೆಯುವ ಮೊದಲೇ ಸಂದು ಬಿಟ್ಟುಕೊಳ್ಳುತ್ತದೆ. ಉಕ್ಕಿನಂತೆ ಶಾಖವನ್ನು ಸರಸರನೆ ಒಳಗೆ ದಾಟಿಸುವುದೂ ಇಲ್ಲ. 20 ಪೌಂಡ್, ಅಂದರೆ ಸುಮಾರು 9 ಕಿಲೋ ದಾಟಿದರೆ 1 ಅಂಗುಲ ದಪ್ಪದ ಮರದ ಪೆಟ್ಟಿಗೆ ಬೇಕೆಂಬುದು ಅಲ್ಲಿನ ಅಗ್ನಿಸುರಕ್ಷತಾ ನಿಯಮ. ಮದ್ದು ಬರುವ ಡಬ್ಬಿಯೂ ಬೇಕೆಂದೇ ತೆಳುವಾಗಿರುತ್ತದೆ. ಅದನ್ನು ಬೇರೆ ಡಬ್ಬಿಗೆ ಸುರಿಯಬಾರದು.

ಹಳೆಯ ಕಪ್ಪು ಮದ್ದು ಇನ್ನೂ ಮುಂಗೋಪಿ, ಸಣ್ಣ ಕಿಡಿ ಸಾಕು. ಅಂದಹಾಗೆ, ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಆಯುಧ ಕಾಯ್ದೆಯಡಿ ಅಪರಾಧ.