ಅಮ್ಮಮ್ಮನಿಗೆ ಬೇಕಾದಷ್ಟೇ ಬೆಳಕು

ನಾವೆಲ್ಲ ಝೀರೋ ಬಲ್ಬ್ ಎಂದು ಕರೆಯುವುದು ಝೀರೋ ಅಲ್ಲವೇ ಅಲ್ಲ. ಹಳೇ ಫಿಲಮೆಂಟಿನ ಝೀರೋ ಬಲ್ಬು ಸುಮಾರು 15 ವ್ಯಾಟ್ ತಿನ್ನುತ್ತಿತ್ತು. ರಾತ್ರಿ 10 ತಾಸು ಉರಿಸಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್! ಈಗಿನ ಅರ್ಧ ವ್ಯಾಟಿನ ಎಲ್‌ಇಡಿ ಅದೇ ಕೆಲಸಕ್ಕೆ ವರ್ಷವಿಡೀ ಎರಡು ಯೂನಿಟ್ಟೂ ಕೇಳುವುದಿಲ್ಲ. ಹಾಗಿದ್ದರೆ ಡಿಮ್ಮರ್ ಎಂತಕ್ಕೆ?

ನಮ್ಮ ಅಮ್ಮಮ್ಮನ ಸಲುವಾಗಿ. ಹೊನ್ನಾವರದ ಹತ್ತಿರದ ನಮ್ಮ ಮನೆಯಲ್ಲಿ ಬಚ್ಚಲು ಹಿಂದುಗಡೆ ಇದೆ. ಅವಳ ಕೋಣೆಯಿಂದ ಅಲ್ಲಿಗೆ ಎರಡು ಹೊಸ್ತಿಲು, ಒಂದು ಮೆಟ್ಟಿಲು. ಎಂಬತ್ತೆರಡರ ಅಮ್ಮಮ್ಮ ರಾತ್ರಿ ಎರಡು ಸಲವಾದರೂ ಏಳುತ್ತಾಳೆ. ಕಣ್ಣಲ್ಲಿ ಪೊರೆ ಇರುವುದರಿಂದ ಝೀರೋ ಬಲ್ಬಿನ ಬೆಳಕಲ್ಲಿ ಮೆಟ್ಟಿಲು ಕಾಣುವುದಿಲ್ಲ. ಟ್ಯೂಬ್‌ಲೈಟ್ ಹಾಕಿಟ್ಟರೆ "ಎಂಗೆ ನಿದ್ದೆ ಬತ್ತಿಲ್ಲೆ" ಎಂದು ಎದ್ದು ಆರಿಸುತ್ತಾಳೆ. ಕಳೆದ ಮಳೆಗಾಲದಲ್ಲಿ ಆ ಮೆಟ್ಟಿಲಲ್ಲೇ ಕಾಲು ಜಾರಿತು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿದ್ದರಿಂದ ಬಚಾವ್. ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮುಂದಿನ ಕತೆ ಗೊತ್ತೇ ಇದೆಯಲ್ಲ. ಬೆಂಗಳೂರಲ್ಲಿ ಕೂತ ನಾನು ಫೋನಲ್ಲಿ "ಜಾಗ್ರತೆ" ಎನ್ನಬಹುದಿತ್ತು, ಅಷ್ಟೆ.

ಊರಿಗೆ ಹೋದಾಗ ಕುಮಟಾ ಪೇಟೆಯಲ್ಲಿ ಡಿಮ್ಮರ್ ಕೇಳಿದೆ. "ಫ್ಯಾನಿಗಾ?" ಎಂದರು ಅಂಗಡಿಯವರು. ಲೈಟಿಗೆ ಎಂದಾಗ ನಕ್ಕರು: "ಲೈಟಿಗೆ ಡಿಮ್ಮರಾ? ಸಂಜೆ ಪಂಪ್‌ಸೆಟ್ ಶುರುವಾದ್ರೆ ನಮ್ಮಲ್ಲಿ ಕರೆಂಟೇ ಡಿಮ್ ಆಗ್ತದಲ್ರೀ!" ಮಾತು ಸುಳ್ಳಲ್ಲ. ಶರಾವತಿ ನಮ್ಮ ತಾಲೂಕಿನ ಗೇರುಸೊಪ್ಪೆಯಲ್ಲೇ ವಿದ್ಯುತ್ ಕೊಡುತ್ತಾಳೆ, ನಮ್ಮ ಬಲ್ಬು ಮಾತ್ರ ಮಿಣಿಮಿಣಿ.

ಡಿಮ್ಮರಿನ ಉಪಾಯ ಚೆಂದ ಇದೆ. ಹಳೇ ಕಾಲದ ದಪ್ಪ ಫ್ಯಾನ್ ರೆಗ್ಯುಲೇಟರ್ ಹೆಚ್ಚುವರಿ ಕರೆಂಟನ್ನು ಒಳಗಿನ ತಂತಿಸುರುಳಿಯಲ್ಲಿ ಬಿಸಿ ಮಾಡಿ ಕಳೆಯುತ್ತಿತ್ತು. 1959ರಲ್ಲಿ ಅಮೆರಿಕದ ಜೋಯಲ್ ಸ್ಪೈರಾ ರೂಪಿಸಿದ, ಗೋಡೆಯ ಸ್ವಿಚ್ಚಿನ ಜಾಗದಲ್ಲೇ ಹಿಡಿಸುವ ಡಿಮ್ಮರ್ ಕರೆಂಟನ್ನು ಸುಡುವುದಿಲ್ಲ, ಕತ್ತರಿಸುತ್ತದೆ. ನಮ್ಮ ಮನೆಗೆ ಬರುವ 50 ಹರ್ಟ್ಸ್ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟಿ ಏಳುತ್ತದೆ. ಈಗಿನ ಡಿಮ್ಮರಿನೊಳಗಿನ ಟ್ರಯಾಕ್ ಪ್ರತಿ ಸಲವೂ ಚೂರು ತಡವಾಗಿ ಬಾಗಿಲು ತೆರೆಯುತ್ತದೆ. ಗುಂಡಿ ತಿರುಗಿಸುವುದೆಂದರೆ ಆ ತಡವನ್ನು ಹೆಚ್ಚು ಕಡಿಮೆ ಮಾಡುವುದು.

ಆದರೆ ಬಲ್ಬು ಯಾವುದು ಎಂಬುದರಲ್ಲೇ ಎಲ್ಲ ಇದೆ. ಭಟ್ಕಳದ ಗೆಳೆಯನೊಬ್ಬ ಸಾದಾ ಎಲ್‌ಇಡಿಗೆ ಫ್ಯಾನ್ ರೆಗ್ಯುಲೇಟರನ್ನೇ ಜೋಡಿಸಿದ್ದ. ಬಲ್ಬು ಎರಡು ದಿನ ಕಣ್ಣು ಮಿಟುಕಿಸಿ ಪ್ರಾಣ ಬಿಟ್ಟಿತು. ಈಗಿನ ಸ್ಟೆಪ್ ರೆಗ್ಯುಲೇಟರಿನಲ್ಲಿರುವುದು ಕೆಪಾಸಿಟರ್. ಅದು ಫ್ಯಾನಿಗೇ ಸರಿ. ಬಲ್ಬಿನ ಡಬ್ಬದ ಮೇಲೆ "ಡಿಮ್ಮಬಲ್" ಎಂದೇ ಇರಬೇಕು. ಡಿಮ್ಮರೂ ಎಲ್‌ಇಡಿಗೆ ಹೊಂದುವಂಥದ್ದಾಗಬೇಕು. ಹಳೇ ಮಾದರಿಯವು ದೊಡ್ಡ ಫಿಲಮೆಂಟ್ ಬಲ್ಬಿನ ಲೆಕ್ಕದವು. ಐದಾರು ವ್ಯಾಟ್ ಅವಕ್ಕೆ ಸಾಕಾಗದೆ ಬೆಳಕು ನಡುಗುತ್ತದೆ. ಮನೆಯಲ್ಲಿ ಹಳೇ 40 ವ್ಯಾಟಿನ ಬಲ್ಬಿದೆ, ಅದನ್ನೇ ಮಂದ ಮಾಡೋಣ ಅಂತೀರಾ? ಮಾಡಬಹುದು, ಬಲ್ಬು ಬಾಳಿಕೆಯೂ ಬರುತ್ತದೆ. ಆದರೆ ಬೆಳಕು ಇಳಿದಷ್ಟು ಬಿಲ್ಲು ಇಳಿಯುವುದಿಲ್ಲ.

ನಾವು ಹಳದಿ ಬೆಳಕಿನ, ಅಂದರೆ 2700 ಕೆಲ್ವಿನ್ನಿನ ಬಲ್ಬು ತಂದೆವು. ನೀಲಿ ಹೆಚ್ಚಿರುವ ಬಿಳಿ ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಡೆಯುತ್ತದೆ. ಹೋಲ್ಡರನ್ನು ಸೀಲಿಂಗಿಗಲ್ಲ, ಮೆಟ್ಟಿಲಿನ ಪಕ್ಕ, ನೀರು ತಾಗದ ಕಡೆ ಮೊಣಕಾಲೆತ್ತರದಲ್ಲಿ ಹಾಕಿಸಿದೆ. ಮಂಚದಿಂದ ಬಲ್ಬು ಕಾಣುವುದಿಲ್ಲ. ಮೆಟ್ಟಿಲ ಅಂಚು ಮಾತ್ರ ಸ್ಪಷ್ಟ. ಗುಂಡಿ ಅಮ್ಮಮ್ಮನ ಕೈಗೆಟಕುವಲ್ಲಿದೆ. ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಇದೇ. ಎಷ್ಟು ಬೆಳಕು ಬೇಕೆಂದು ಆಯಿಯೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಮಲಗುವಾಗ ತಾನೇ ಇಳಿಸುತ್ತಾಳೆ, ಏಳುವಾಗ ತಾನೇ ಏರಿಸುತ್ತಾಳೆ. "ರೇಡಿಯೋ ಕಿವಿ ತಿರುಪಿದಾಂಗೆ ಇದ್ದು" ಎಂದಳು. ಗೋಡೆ ತಡವುವುದು ನಿಂತಿದೆ.

ನೀವೂ ಹಾಕಿಸುವುದಾದರೆ ಎಲೆಕ್ಟ್ರಿಷಿಯನ್‌ರನ್ನೇ ಕರೆಸಿ. ಕರಾವಳಿಯ ಉಪ್ಪುಗಾಳಿಗೆ ಬೋರ್ಡಿನ ಸ್ಕ್ರೂಗಳು ತುಕ್ಕು ಹಿಡಿದಿರುತ್ತವೆ, ಒಳಗೆ ಇರುವೆ ಗೂಡೂ ಸಿಗಬಹುದು. ಬಾಡಿಗೆ ಮನೆಯಾದರೆ ಗೋಡೆ ಮುಟ್ಟುವುದೇ ಬೇಡ. ಬೆಳಕು ಹೆಚ್ಚು ಕಡಿಮೆ ಮಾಡಬಹುದಾದ ಪ್ಲಗ್ ದೀಪ ಸಾಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಎರಡು ವಿಷಯ: ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಡಿಮ್ಮರ್ ಗುಂಯ್‌ಗುಟ್ಟಬಹುದು, ಸೈನ್ ವೇವ್ ಆದರೆ ಒಳ್ಳೆಯದು. ಮತ್ತೆ, ಮೇನ್ ಸ್ವಿಚ್ ಆಫ್ ಮಾಡಿದರೂ ಇನ್ವರ್ಟರ್ ಲೈನಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಬೋರ್ಡ್ ಬಿಚ್ಚುವ ಮೊದಲು ಅದನ್ನೂ ಆಫ್ ಮಾಡಿಸಿ.