ಹಲ್ಲು ನೋಡಿ ಕುರಿ ಕಾಯಿರಿ

ರಾಯದುರ್ಗ, ಮಡಕಶಿರ ಸೀಮೆಯಲ್ಲಿ ಮಳೆ ಕೈಕೊಟ್ಟ ವರ್ಷ ಸಂಸಾರ ನಡೆಸುವುದು ಕುರಿ. ಶೇಂಗಾ ಒಣಗಿದರೂ ನಾಲ್ಕು ಮರಿ ಸಂತೆಗೆ ಹೋದರೆ ಸಾಲಗಾರರ ಬಾಯಿ ಮುಚ್ಚುತ್ತದೆ. ಆ ಮಂದೆಗೇ ಬೇನೆ ಬಿದ್ದರೆ ಗತಿಯೇನು?

ಸಂತೆಯಲ್ಲಿ ಕುರಿ ಕೊಳ್ಳುವಾಗ ನಾವು ಮೊದಲು ನೋಡುವುದು ಹಲ್ಲನ್ನು. ರೋಗ ತಡೆಯುವುದಕ್ಕೂ ಅದನ್ನೇ ನೋಡತಕ್ಕದ್ದು. ಅಂಟುರೋಗವು ಎಲ್ಲ ವಯಸ್ಸಿನ ಕುರಿಗಳನ್ನೂ ಒಂದೇ ಸಮನಾಗಿ ಬಾಧಿಸುವುದಿಲ್ಲ.

ಹಾಲುಹಲ್ಲಿನ ಮರಿ: ಹುಟ್ಟಿದ ಮರಿಗೆ ರೋಗ ಎದುರಿಸುವ ಶಕ್ತಿ ಬರುವುದು ತಾಯಿಯ ಗಿಣ್ಣುಹಾಲಿನಿಂದ. ಮಾಸು ಬೀಳಲೆಂದು ಕಾಯಕೂಡದು. ಒಂದೆರಡು ಗಂಟೆಯೊಳಗೇ ಗಿಣ್ಣು ಕುಡಿಸಿರಿ. ಒಂದು ದಿನ ಕಳೆದರೆ ಮರಿಯ ಕರುಳು ಆ ಶಕ್ತಿಯನ್ನು ಹೀರಿಕೊಳ್ಳಲಾರದು. ಗಿಣ್ಣಿನ ಬಲವೂ ಮೂರು ನಾಲ್ಕು ತಿಂಗಳಿಗೆ ಕರಗುತ್ತದೆ. ಜ್ವರ, ಮೂಗಿನ ಸೋರಿಕೆ, ಬಾಯಿಹುಣ್ಣು, ಭೇದಿ ತರುವ ಪಿ.ಪಿ.ಆರ್. ಬೇನೆ ಆಗಲೇ ಹೊಂಚುಹಾಕುವುದು. ನಮ್ಮ ದೇಶದಲ್ಲಿ ಅದು 1987ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಾಣಿಸಿತು. ನಾಲ್ಕನೆಯ ತಿಂಗಳಲ್ಲಿ ಚುಚ್ಚುಮದ್ದು ಹಾಕಿಸಿದರೆ ಸುಮಾರು ಮೂರು ವರ್ಷ ಕಾವಲು. ಹೊಸ ಹುಲ್ಲು ಮೇದು ಕೊಬ್ಬಿದ ಮರಿಗಳನ್ನು ಕೊಲ್ಲುವ ಕರುಳುಬೇನೆಗೆ ಬೇರೆ ಮದ್ದಿದೆ. ಅದನ್ನು ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹಾಕಿಸಬೇಕು.

ಎರಡರಿಂದ ಎಂಟು ಹಲ್ಲಿನ ಕುರಿ: ಇದು ಗಟ್ಟಿ ಪ್ರಾಯ. ಆದರೂ ಚುಚ್ಚುಮದ್ದು ತಪ್ಪಿಸಬೇಡಿರಿ. ಗಬ್ಬದ ಕುರಿಗೆ ಈಯುವ ಒಂದು ತಿಂಗಳ ಮೊದಲು ಕರುಳುಬೇನೆಯ ಮದ್ದು ಹಾಕಿಸಿದರೆ ಗಿಣ್ಣಿನ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ.

ಹಲ್ಲು ಸವೆದ ಕುರಿ: ಐದಾರು ವರ್ಷ ದಾಟಿದ ಮೇಲೆ ಹಲ್ಲು ಸವೆದು, ಸಡಿಲಾಗಿ, ಮುರಿಯುತ್ತವೆ. ಕಲ್ಲುಗುಡ್ಡದ ಗಿಡ್ಡ ಹುಲ್ಲು ಬಾಯಿಗೆ ಸಿಗದು. ಮೈ ಇಳಿಯುತ್ತದೆ, ಜಂತುಹುಳು ಹೆಚ್ಚುತ್ತದೆ, ಚಳಿಮಳೆಗೆ ಶ್ವಾಸಕೋಶದ ಊತ ಬೇಗ ಹಿಡಿಯುತ್ತದೆ. ಹಾಲು ಕಡಿಮೆಯಾದ್ದರಿಂದ ಅದರ ಮರಿಯೂ ಸೊರಗುತ್ತದೆ. ಒಂದು ಮುದಿಕುರಿಯ ಕಾಯಿಲೆ ರೊಪ್ಪಕ್ಕೆಲ್ಲ ಹರಡಬಹುದು.

ಮಂದೆ ಬೆಳೆಸಿಕೊಟ್ಟ ಮುದಿತಾಯಿಯನ್ನು ಮಾರಲು ಯಾರಿಗೂ ಮನಸ್ಸು ಬಾರದು. ನಮಗೂ ಬಾರದು. ಆದರೆ ಇಟ್ಟುಕೊಂಡು ಹಸಿವಿಗೆ ಬಿಡುವುದು ಕರುಣೆಯಲ್ಲ. ಇಟ್ಟುಕೊಳ್ಳುವುದಾದರೆ ಬೇರೆ ಕಟ್ಟಿ, ಮೆತ್ತನೆಯ ಮೇವು ಹಾಕಿ, ಹಿಕ್ಕೆ ಪರೀಕ್ಷೆ ಮಾಡಿಸಿ ಜಂತಿನ ಔಷಧ ಕುಡಿಸಿರಿ. ಇಲ್ಲವಾದರೆ ಮೈಯಲ್ಲಿ ಕಸುವಿರುವಾಗಲೇ ಮಾರಿಬಿಡಿರಿ.

2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಜಿಲ್ಲೆ, ರಾಜ್ಯಗಳ ಗಡಿ ಬೇನೆಗೆ ಗೊತ್ತಿಲ್ಲ. ಪಾವಗಡ, ಮೊಳಕಾಲ್ಮೂರು ಕಡೆಯಿಂದ ತಂದ ಕುರಿಯನ್ನು ಮೂರು ವಾರ ಬೇರೆ ಇಟ್ಟು ಆಮೇಲೆ ಮಂದೆಗೆ ಕೂಡಿಸಿರಿ. ಚುಚ್ಚಿಸಿದ ತಾರೀಖನ್ನು ಮನೆಯ ಪಂಚಾಂಗದಲ್ಲಿ ಬರೆದಿಡಿರಿ.